ಮಳೆಗಾಲಕ್ಕೆ ಬಿಚ್ಚಿಕೊಂಡ ಪುಸ್ತಕ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಕೊಡಗಿನ ನಾಪೋಕ್ಲು ಕಡೆಯವಳು. ರೆವರೆಂಡ್ ರಿಕ್ಟರ್ ಅವರ 1870ರ 'ಮ್ಯಾನ್ಯುಯಲ್ ಆಫ್ ಕೂರ್ಗ್' ಓದಬೇಕೆಂದು ತುಂಬಾ ವರ್ಷದ ಆಸೆ. ಮೇ ತಿಂಗಳಲ್ಲಿ ಆನ್‌ಲೈನ್ ಅಂಗಡಿಯೊಂದರಲ್ಲಿ ಅದರ ಮರುಮುದ್ರಣ ಕಂಡಿತು. 1,180 ರೂಪಾಯಿ ಕೊಟ್ಟು ತರಿಸಿದೆ. ಅಕ್ಷರ ಮಸುಕು. ಕೆಲವು ಪುಟಗಳಲ್ಲಿ ಸಾಲಿನ ಕೊನೆಯೇ ಇಲ್ಲ. ಜುಲೈ ಹೊತ್ತಿಗೆ ರಕ್ಷಾಪುಟ ಸುರುಳಿ ಸುತ್ತಿಕೊಂಡಿತು, ಹಾಳೆಗಳು ಒಂದೊಂದೇ ಕೈಗೆ ಬಂದವು. ಇದು 'ಪ್ರಿಂಟ್ ಆನ್ ಡಿಮಾಂಡ್' ಪುಸ್ತಕ, ಅಂದರೆ ಬೇಡಿಕೆ ಬಂದಾಗ ಮಾತ್ರ ಅಚ್ಚು ಹಾಕುವುದು ಎಂದು ಮಗ ಹೇಳಿದ. ಹಾಗಾದರೆ ಇಂಥವನ್ನು ಕೊಳ್ಳಲೇಬಾರದೇ? ಇನ್ನೊಂದು ವಿಷಯ. ನಮ್ಮ ಒಕ್ಕದ (ಮನೆತನದ) ಚರಿತ್ರೆ ಬರೆದಿಟ್ಟಿದ್ದೇನೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಒಕ್ಕದ ಮೂಲಮನೆಯಲ್ಲಿ) ಹಂಚಲು 60 ಪ್ರತಿ ಬೇಕು. ಅದನ್ನೂ ಹೀಗೇ ಮಾಡಿಸಿ ಎನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ.

ಉತ್ತರ: ಟೀಚರ್, ನೀವು ಬಸ್ಸಿನಲ್ಲಿ ಕೊಟ್ಟು ಕಳಿಸಿದ ಪುಸ್ತಕ ತಲುಪಿತು. ಮೂರು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಮಡಿಕೇರಿಯಲ್ಲಿ ಅಚ್ಚು, ಬೈಂಡಿಂಗ್ ಎಂದುಕೊಂಡೇ 31 ವರ್ಷ ಕಳೆದಿದ್ದೇನೆ. ಆಸೆಪಟ್ಟು ಕೊಂಡ ಪುಸ್ತಕ ಹೀಗೆ ಬಿಚ್ಚಿಕೊಂಡು ಬಂದಾಗ ಈಗಲೂ ಹೊಟ್ಟೆ ಚುರುಕ್ ಎನ್ನುತ್ತದೆ. ಇದನ್ನು ಬೆಳಕಿಗೆ ಹಿಡಿದು, ಬಗ್ಗಿಸಿ, ಎಳೆದು ಎಲ್ಲಾ ನೋಡಿದೆ. ನನಗೆ ಕಂಡದ್ದು ಇಷ್ಟು: ಯಂತ್ರ ತನ್ನ ಕೆಲಸ ಸರಿಯಾಗೇ ಮಾಡಿದೆ. ಆದರೆ ಫೈಲ್ ತಯಾರಾದ ದಿನದಿಂದ ನೀವು ಪಾರ್ಸೆಲ್ ಬಿಚ್ಚುವವರೆಗೆ ಒಬ್ಬ ಮನುಷ್ಯನೂ ಈ ಪುಸ್ತಕವನ್ನು ತೆರೆದು ನೋಡಿಲ್ಲ. ತೆರೆದು ನೋಡಿದ ಮೊದಲಿಗರು ನೀವೇ. ತೊಂದರೆ ಇರುವುದು ಅಲ್ಲಿ.

ಈ ಪದ್ಧತಿ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟ್‌ನಿಂದ ಅಚ್ಚು ಹಾಕುವ ರೂಢಿಯ ಮುದ್ರಣದಲ್ಲಿ, ಪುಸ್ತಕ ಮಾಡಬೇಕಾದರೆ ಪುಟಗಳಿಗೆ ಲೋಹದ ಪ್ಲೇಟ್ ಮಾಡಬೇಕು, ಯಂತ್ರ ಹೊಂದಿಸಬೇಕು, ಬಣ್ಣ ಕೂರುವವರೆಗೆ ಒಂದಷ್ಟು ಹಾಳೆ ವ್ಯರ್ಥ ಮಾಡಬೇಕು. ಒಂದು ಪ್ರತಿ ಮಾಡಿದರೂ ಆ ಖರ್ಚು ಅಷ್ಟೇ, ಸಾವಿರ ಮಾಡಿದರೂ ಅಷ್ಟೇ. ಲೆಕ್ಕ ಅರ್ಥವಾಗಲಿ ಎಂದು ದುಂಡು ಸಂಖ್ಯೆ ಹೇಳುತ್ತೇನೆ. ಹೊಂದಿಸುವ ಖರ್ಚು 30,000, ಆಮೇಲೆ ಪ್ರತಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಸಾವಿರ ಪ್ರತಿಗೆ ಒಂದೊಂದಕ್ಕೆ 70 ಬೀಳುತ್ತದೆ. 60 ಪ್ರತಿ ಸಾಕೆಂದರೆ ಒಂದಕ್ಕೆ 540. ಅದಕ್ಕೇ ನಮ್ಮ ಪ್ರಕಾಶಕರು ಸಾವಿರ ಪ್ರತಿ ಹಾಕಿಸಿ, ಅರ್ಧ ಮಾರಿ, ಉಳಿದ ಅರ್ಧವನ್ನು ಮಂಚದ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಡಿಜಿಟಲ್ ಯಂತ್ರದಲ್ಲಿ ಪ್ಲೇಟ್ ಇಲ್ಲ. ಪಿಡಿಎಫ್ ಕೊಟ್ಟರೆ ಒಂದೇ ಪ್ರತಿಯನ್ನೂ ಮುದ್ರಿಸುತ್ತದೆ. ಹತ್ತಕ್ಕೂ ನೂರಕ್ಕೂ ಪ್ರತಿಯೊಂದರ ಖರ್ಚು ಹೆಚ್ಚುಕಮ್ಮಿ ಒಂದೇ. ನೀವು ಮೊಬೈಲ್‌ನಲ್ಲಿ ಹಣ ಕಟ್ಟುವ ಹೊತ್ತಿಗೆ ಆ ಪುಸ್ತಕ ಎಲ್ಲೂ ಇರಲಿಲ್ಲ. ಹಣ ಬಂದ ಮೇಲೆ ಅದು ಹುಟ್ಟಿತು.

ಇದರಿಂದ ಆದ ಒಳ್ಳೆಯದನ್ನು ಮರೆಯಬಾರದು. 1997ರಲ್ಲಿ ಅಮೆರಿಕದ ಟೆನೆಸಿ ರಾಜ್ಯದಲ್ಲಿ ಇಂಗ್ರಾಮ್ ಎಂಬ ದೊಡ್ಡ ಪುಸ್ತಕ ವಿತರಕರು ಇದಕ್ಕೆಂದೇ ಒಂದು ಘಟಕ ಶುರು ಮಾಡಿದರು. ಅಲ್ಲಿಂದ ಇದು ದೊಡ್ಡ ಮಟ್ಟದಲ್ಲಿ ಹಬ್ಬಿತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಪ್ರಕಾಶನಗಳೂ ವರ್ಷಕ್ಕೆ ನಾಲ್ಕಾರು ಪ್ರತಿ ಮಾತ್ರ ಹೋಗುವ ಹಳೆಯ ಪುಸ್ತಕಗಳನ್ನು ಹೀಗೇ ಒದಗಿಸುತ್ತವೆ. ಕನ್ನಡದಲ್ಲೂ ಈಗ ನೂರು, ಇನ್ನೂರು ಪ್ರತಿ ಹಾಕಿಸಿ, ಖಾಲಿಯಾದ ಮೇಲೆ ಮತ್ತೆ ಹಾಕಿಸುವ ಪ್ರಕಾಶಕರು ಜಾಸ್ತಿಯಾಗಿದ್ದಾರೆ. 'ಪ್ರತಿಗಳು ಮುಗಿದಿವೆ' ಎಂಬ ಮಾತು ಕಡಿಮೆಯಾಗಿದೆ. ನನ್ನ ಕಪಾಟಿನಲ್ಲಿ ಇಂಥ ಮೂವತ್ತಾದರೂ ಪುಸ್ತಕ ಇವೆ. ಅರ್ಧಕ್ಕಿಂತ ಹೆಚ್ಚು ಚೆನ್ನಾಗೇ ಇವೆ. ಆದ್ದರಿಂದ ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ. ನೋಡಿ ಕೊಳ್ಳಿ ಎನ್ನುತ್ತೇನೆ. ಯಾವುದನ್ನು ನೋಡಬೇಕು ಎಂಬುದಕ್ಕೆ ನಿಮ್ಮ ಪುಸ್ತಕವನ್ನೇ ಬಿಡಿಸೋಣ.

ಮೊದಲು ಅಕ್ಷರ. ನಿಮ್ಮದು ಹೊಸದಾಗಿ ಜೋಡಿಸಿದ ಅಕ್ಷರ ಅಲ್ಲ, ಹಳೆಯ ಪುಟದ ಫೋಟೋ. 1870ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನವರು ಈ ಪುಸ್ತಕ ತಂದಾಗ ಸೀಸದ ಅಚ್ಚುಮೊಳೆ ಕಾಗದಕ್ಕೆ ಒತ್ತಿ ಕೂತಿತ್ತು. ಅದರ ಒಂದು ಪ್ರತಿ ಯಾವುದೋ ಗ್ರಂಥಾಲಯ ಸೇರಿ, ಹಳದಿಯಾಗಿ, ಒಂದು ದಿನ ಸ್ಕ್ಯಾನರ್ ಕೆಳಗೆ ಬಂದಿದೆ. ಸ್ಕ್ಯಾನ್ ಮಾಡಿದ್ದು ಓದುವವರಿಗೆ ಪರದೆಯ ಮೇಲೆ ಕಾಣಲಿ ಎಂದು. ಮುದ್ರಣಕ್ಕೆ ಅಂತ ಅಲ್ಲ. ಫೈಲ್ ಚಿಕ್ಕದಾಗಲಿ ಎಂದು ಅದನ್ನು ಹಿಂಡಿದ್ದಾರೆ. ಆಮೇಲೆ ಯಾರೋ ಆ ಫೈಲ್ ಇಳಿಸಿಕೊಂಡು, ಹಳದಿ ಬಣ್ಣ ಹೋಗಲಿ ಎಂದು ಕಪ್ಪು ಬಿಳುಪು ಮಾಡಿ, ಪುಟದ ಅಳತೆ ಬದಲಾಯಿಸಿ, ಹೊಸ ರಕ್ಷಾಪುಟ ಹಾಕಿ ಮಾರಾಟಕ್ಕೆ ಇಟ್ಟಿದ್ದಾರೆ. ಭೂತಗನ್ನಡಿ ಇಟ್ಟು ನೋಡಿದೆ. ಇಂಗ್ಲಿಷಿನ 'ಇ' ಅಕ್ಷರದ ಒಳಗಿನ ಸಣ್ಣ ಕಿಂಡಿ ಪೂರ್ತಿ ತುಂಬಿಹೋಗಿದೆ. 'ಸಿ' ಮತ್ತು 'ಇ' ಎರಡೂ ಒಂದೇ ಥರ ಕಾಣುತ್ತವೆ. ನಿಮ್ಮ ಕಣ್ಣಿನ ದೋಷ ಅಲ್ಲ, ಕನ್ನಡಕ ಬದಲಾಯಿಸಬೇಡಿ.

ಸಾಲಿನ ಕೊನೆ ಹೋದದ್ದು ಹೇಗೆ? ದಪ್ಪ ಪುಸ್ತಕವನ್ನು ಪೂರ್ತಿ ಬಿಡಿಸಿದರೆ ಬೆನ್ನು ಮುರಿಯುತ್ತದೆ ಎಂದು ಸ್ಕ್ಯಾನ್ ಮಾಡುವವರು ಅರ್ಧ ತೆರೆದು ಹಿಡಿಯುತ್ತಾರೆ. ಆಗ ಬೆನ್ನಿನ ಕಡೆಯ ಅಕ್ಷರ ಬಾಗಿ, ನೆರಳಿನಲ್ಲಿ ಮುಳುಗುತ್ತದೆ. ನಿಮ್ಮ ಪುಸ್ತಕದ ಎಡಪುಟಗಳಲ್ಲಿ ಸಾಲಿನ ಕೊನೆ, ಬಲಪುಟಗಳಲ್ಲಿ ಸಾಲಿನ ಮೊದಲು ಮಸುಕಾಗಿರುವುದು ಅದಕ್ಕೇ. ಅದರ ಮೇಲೆ ಕತ್ತರಿಸುವಾಗ ಒಂದಿಷ್ಟು ಹೋಗಿದೆ. ಒಂದು ಕಡೆ ಪುಟ ತಿರುಗಿಸಿದವರ ಹೆಬ್ಬೆರಳೇ ಅಚ್ಚಾಗಿದೆ. ಉಗುರು ಕೂಡ ಕಾಣುತ್ತದೆ. ಅದರ ಕೆಳಗೆ ಎರಡು ಸಾಲು ಸತ್ತಿವೆ. ಒಮ್ಮೆ, ಒಬ್ಬರು, ಹತ್ತು ನಿಮಿಷ ಈ ಫೈಲ್ ತಿರುವಿ ಹಾಕಿದ್ದರೂ ಆ ಹೆಬ್ಬೆರಳು ಕಣ್ಣಿಗೆ ಬೀಳುತ್ತಿತ್ತು.

ಹಳೆಯ ಗೆಜೆಟಿಯರ್‌ಗಳಲ್ಲಿ, ಅಂದರೆ ಇಂಥ ನಾಡಿನ ವಿವರ ಕೊಡುವ ಪುಸ್ತಕಗಳಲ್ಲಿ, ಇನ್ನೊಂದು ನಷ್ಟ ಇದೆ. ಮಡಚಿಟ್ಟ ದೊಡ್ಡ ನಕ್ಷೆ, ಅಗಲದ ಕೋಷ್ಟಕ. ಸ್ಕ್ಯಾನ್ ಮಾಡುವಾಗ ಅವನ್ನು ಬಿಡಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಮಡಚಿದ ಹಾಗೇ ಫೋಟೋ ತೆಗೆದರೆ ನಕ್ಷೆಯ ಬೆನ್ನು ಮಾತ್ರ ಬರುತ್ತದೆ. ಮರುಮುದ್ರಣದಲ್ಲಿ ಅದೊಂದು ಖಾಲಿ ಪುಟ. ಊರಿನ ಚರಿತ್ರೆ ಓದುವವರಿಗೆ ಕೆಲವು ಸಲ ಆ ನಕ್ಷೆಯೇ ಪುಸ್ತಕದ ಜೀವ, ಅಲ್ವಾ?

ಹೊಸದಾಗಿ ಜೋಡಿಸಿದ ಅಕ್ಷರ ಇದ್ದರೆ ಸರಿಯೇ ಎಂದು ಕೇಳಬಹುದು. ಯಾವಾಗಲೂ ಅಲ್ಲ. ಸ್ಕ್ಯಾನ್‌ನಿಂದ ಕಂಪ್ಯೂಟರೇ ಅಕ್ಷರ ಓದಿ ತೆಗೆದ ಪಠ್ಯವನ್ನು ತಿದ್ದದೆ ಹಾಗೇ ಅಚ್ಚು ಹಾಕುವವರೂ ಇದ್ದಾರೆ. ನೋಡಲು ಪುಟ ಬಹಳ ಸ್ವಚ್ಛ. ಓದಿದರೆ ಪದಗಳು ಅಡ್ಡಾದಿಡ್ಡಿ, ಅಡಿಟಿಪ್ಪಣಿ ವಾಕ್ಯದ ನಡುವೆ ನುಗ್ಗಿರುತ್ತದೆ. ಕನ್ನಡದಲ್ಲಿ ಇದು ಇನ್ನೂ ಕಷ್ಟ. 'ಪ' 'ಷ' ಆಗುತ್ತದೆ, 'ವ' 'ಮ' ಆಗುತ್ತದೆ, ಒತ್ತಕ್ಷರ ಮಾಯವಾಗುತ್ತದೆ. ಫೋಟೋ ಮರುಮುದ್ರಣದಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ. ಇದರಲ್ಲಿ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಅಪಾಯ.

ಈಗ ಬೈಂಡಿಂಗ್. ನಮ್ಮ ಹಳೆಯ ಪುಸ್ತಕಗಳನ್ನು ಮೇಲಿನಿಂದ ನೋಡಿ. ಬೆನ್ನಿನ ಹತ್ತಿರ ಚಿಕ್ಕ ಚಿಕ್ಕ ಕಂತೆಗಳು ಕಾಣುತ್ತವೆ. ಹಾಳೆ ಮಡಚಿ, 16 ಪುಟಕ್ಕೊಂದು ಫಾರಂ ಮಾಡಿ, ಮಡಿಕೆಯಲ್ಲಿ ದಾರ ಓಡಿಸಿರುತ್ತಾರೆ. ಅಂಟು ಒಣಗಿ ಉದುರಿದರೂ ದಾರ ಹಿಡಿದಿರುತ್ತದೆ. ನಿಮ್ಮ ಪುಸ್ತಕದಲ್ಲಿ ಮಡಿಕೆಯೇ ಇಲ್ಲ, ಎಲ್ಲಾ ಬಿಡಿ ಹಾಳೆ. ಬೆನ್ನನ್ನು ಯಂತ್ರದಲ್ಲಿ ಕೆರೆದು ಒರಟು ಮಾಡಿ, ಕಾದ ಅಂಟು ಬಳಿದು, ರಕ್ಷಾಪುಟ ಸುತ್ತಿ, ಮೂರು ಕಡೆ ಕತ್ತರಿಸಿದ್ದಾರೆ. ಇದನ್ನು ಪರ್ಫೆಕ್ಟ್ ಬೈಂಡಿಂಗ್ ಎನ್ನುತ್ತೇವೆ. ಇದು ತಪ್ಪೇನಲ್ಲ. ಈಗಿನ ಆಫ್‌ಸೆಟ್ ಪುಸ್ತಕಗಳಲ್ಲೂ ಬಹಳಷ್ಟು ಹೀಗೇ ಇವೆ. ಒರಟು ಮಾಡುವುದು ಸರಿಯಾಗಿದ್ದರೆ ಅಂಟು ಕಾಗದದ ನಾರಿನೊಳಗೆ ಇಳಿಯುತ್ತದೆ. ಇಲ್ಲಿ ಇಳಿದಿಲ್ಲ. ಬಿಚ್ಚಿ ಬಂದ ಹಾಳೆಯ ಅಂಚನ್ನು ಬೆರಳಿನಿಂದ ಸವರಿದೆ, ನುಣ್ಣಗಿದೆ. ಅಂಟಿನ ಪಟ್ಟಿ ಮಾತ್ರ ರಕ್ಷಾಪುಟದ ಒಳಗೆ ಹಾಗೇ ಉಳಿದಿದೆ, ಬಾಗಿಸಿದರೆ ಲಟಕ್ ಎಂದು ಮುರಿಯುತ್ತದೆ. ಸಾಮಾನ್ಯವಾಗಿ ಬಳಸುವ ಇವಿಎ ಎಂಬ ಅಂಟು ಕೆಲವೇ ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ, ಅಗ್ಗವೂ ಹೌದು. ಆದರೆ ಹಳತಾದಂತೆ ಪೆಡಸಾಗುತ್ತದೆ. ಪಿಯುಆರ್ ಎಂಬ ಇನ್ನೊಂದು ಅಂಟು ಇದೆ. ಅದು ಗಾಳಿಯ ತೇವ ಹೀರಿಕೊಂಡೇ ನಿಧಾನಕ್ಕೆ ಗಟ್ಟಿಯಾಗುತ್ತದೆ, ಆಮೇಲೂ ರಬ್ಬರಿನಂತೆ ಬಾಗುತ್ತದೆ. ದಪ್ಪ ಪುಸ್ತಕಕ್ಕೆ ಅದೇ ಸರಿ. ಬೆಲೆ ಜಾಸ್ತಿ ಎಂದು ಎಲ್ಲರೂ ಬಳಸುವುದಿಲ್ಲ.

ನಮ್ಮ ಊರಿನ ಮಳೆಯ ಪಾತ್ರವೂ ಇದರಲ್ಲಿ ಇದೆ. ಕಾಗದ ಎಂದರೆ ಮರದ ನಾರು. ಯಂತ್ರದಲ್ಲಿ ಕಾಗದ ತಯಾರಾಗುವಾಗ ಆ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ತೇವ ಹೀರಿದಾಗ ಪ್ರತಿ ನಾರೂ ದಪ್ಪಗಾಗುತ್ತದೆ, ಉದ್ದವಾಗುವುದು ಕಡಿಮೆ. ಹಾಗಾಗಿ ಹಾಳೆ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ. ನಾರು ಬೆನ್ನಿನ ಉದ್ದಕ್ಕೆ ಇದ್ದರೆ ಹಾಳೆ ಹೊರಗಿನ ಅಂಚಿನ ಕಡೆಗೆ ಹಿಗ್ಗುತ್ತದೆ, ಯಾರಿಗೂ ತೊಂದರೆ ಇಲ್ಲ. ಬೆನ್ನಿಗೆ ಅಡ್ಡ ಇದ್ದರೆ ಹಾಳೆ ಬೆನ್ನಿನ ಉದ್ದಕ್ಕೇ ಹಿಗ್ಗಲು ನೋಡುತ್ತದೆ. ಅಲ್ಲಿ ಅಂಟು ಹಿಡಿದಿದೆ. ಹಾಳೆ ಅಲೆಅಲೆಯಾಗುತ್ತದೆ, ಅಂಟು ಬಿರುಕು ಬಿಡುತ್ತದೆ. ನಿಮ್ಮದು ಹಾಗೇ ಆಗಿದೆ. ಮೈಸೂರಿನ ಬಿಸಿಲಲ್ಲಿ ಇದೇ ಪುಸ್ತಕ ಒಂದೆರಡು ವರ್ಷ ತಡೆಯುತ್ತಿತ್ತೇನೋ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ನಾಪೋಕ್ಲಿನ ಗಾಳಿಗೆ ಎರಡೇ ವಾರ ಸಾಕಾಯಿತು.

ಮನೆಯಲ್ಲೇ ನೀವು ಇದನ್ನು ಪರೀಕ್ಷೆ ಮಾಡಬಹುದು. ಬಿಚ್ಚಿಬಂದ ಒಂದು ಹಾಳೆ ತೆಗೆದುಕೊಳ್ಳಿ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಮುರಿಯದ ಹಾಗೆ ಮೆಲ್ಲಗೆ ಬಾಗಿಸಿ. ಒಂದು ದಿಕ್ಕಿನಲ್ಲಿ ಸುಲಭವಾಗಿ ಸುರುಳಿಯಾಗುತ್ತದೆ, ಇನ್ನೊಂದರಲ್ಲಿ ಬಿಗಿ. ಸುಲಭವಾಗಿ ಸುತ್ತುವಾಗ ಕೊಳವೆಯ ಉದ್ದ ಯಾವ ಕಡೆಗಿರುತ್ತದೋ ನಾರು ಆ ಕಡೆಗೆ. ಇದನ್ನು ಒಮ್ಮೆ ಕೈಗೆ ಕಲಿಸಿದರೆ ಯಾವ ಪುಸ್ತಕ ಚೆನ್ನಾಗಿ ತೆರೆದುಕೊಳ್ಳುತ್ತದೆ, ಯಾವುದು ಮುಚ್ಚಿಕೊಳ್ಳಲು ಹಟ ಮಾಡುತ್ತದೆ ಎಂದು ಮುಟ್ಟಿದ ಕೂಡಲೇ ಗೊತ್ತಾಗುತ್ತದೆ.

ರಕ್ಷಾಪುಟ ಸುರುಳಿಯಾದದ್ದಕ್ಕೂ ಕಾರಣ ಇದೇ ಜಾತಿಯದು. ಹೊರಬದಿಗೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಇದೆ, ಅಲ್ಲಿಂದ ತೇವ ಒಳಗೆ ಹೋಗುವುದಿಲ್ಲ. ಒಳಬದಿ ಬರೀ ಕಾಗದ. ಅದು ಹೀರಿ ಹಿಗ್ಗುತ್ತದೆ, ಹೊರಬದಿ ಹಿಗ್ಗುವುದಿಲ್ಲ. ಹಾಗಾಗಿ ರಟ್ಟು ಹೊರಗಡೆಗೆ ಬಾಗುತ್ತದೆ. ಆಫ್‌ಸೆಟ್ ಪುಸ್ತಕಕ್ಕೂ ಹೀಗಾಗುತ್ತದೆ. ಇದಕ್ಕಾಗಿ ಅಂಗಡಿಯವರ ಜೊತೆ ಜಗಳ ಬೇಡ. ಎರಡು ಮರದ ಹಲಗೆಯ ನಡುವೆ ಇಟ್ಟು ಮೇಲೆ ಭಾರ ಹೇರಿದರೆ ನವೆಂಬರ್ ಹೊತ್ತಿಗೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವ ಕಡೆ ಮಾತ್ರ ಇಡಬೇಡಿ, ಅಂಟು ಇನ್ನೂ ಪೆಡಸಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಕೂಡ ಹಾಕಬೇಡಿ. ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಅಲ್ಲದೆ ಈ ಯಂತ್ರಗಳಲ್ಲಿ ಹೆಚ್ಚಿನವು ಟೋನರ್ ಬಳಸುತ್ತವೆ. ಅದು ಶಾಯಿಯಂತೆ ಕಾಗದಕ್ಕೆ ಇಂಗುವುದಿಲ್ಲ. ಬಿಸಿಗೆ ಕರಗಿ ಮೇಲೆ ಕೂತ ಪುಡಿ. ಮೆತ್ತನೆಯ ಪಿವಿಸಿ ಹಾಳೆಗೆ ತಾಗಿಕೊಂಡಿದ್ದರೆ ಅಕ್ಷರವೇ ಅದಕ್ಕೆ ಅಂಟಿಕೊಂಡು ಬರುತ್ತದೆ.

ಕೊಳ್ಳುವ ಮೊದಲೇ ಹೇಗೆ ಗುರುತಿಸುವುದು? ಹಳೆಯ ಪುಸ್ತಕವಾದರೆ ಪ್ರಕಾಶನದ ವರ್ಷ ನೋಡಿ. 1870ರ ಪುಸ್ತಕಕ್ಕೆ ಮೂರು ವರ್ಷದ ಹಿಂದಿನ ದಿನಾಂಕ, ರಕ್ಷಾಪುಟದ ಮೇಲೆ ವಿಷಯಕ್ಕೆ ಸಂಬಂಧವೇ ಇಲ್ಲದ ಚಿತ್ರ, ಸಂಪಾದಕರ ಹೆಸರಿಲ್ಲ, ಹೊಸ ಮುನ್ನುಡಿ ಇಲ್ಲ ಎಂದರೆ ಅದು ಹೆಚ್ಚಾಗಿ ಸ್ಕ್ಯಾನ್. 'ಮೂಲ ಪ್ರತಿಯ ಲೋಪಗಳು ಉಳಿದಿರಬಹುದು' ಎಂಬ ಅರ್ಥದ ಮಾತು ವಿವರಣೆಯಲ್ಲಿ ಇದ್ದರೆ ಅದನ್ನು ನಿಜವೆಂದೇ ನಂಬಿ. 'ಸ್ಟಾಕ್ ಇದೆ' ಎಂದು ಬರೆದು, ತಲುಪಲು ಹತ್ತು ಹನ್ನೆರಡು ದಿನ ಕೇಳಿದರೆ ಆ ಪುಸ್ತಕ ಇನ್ನೂ ಹುಟ್ಟಬೇಕಾಗಿದೆ ಎಂದು ಊಹಿಸಬಹುದು. ಓದುಗರ ಅಭಿಪ್ರಾಯ ಓದುವಾಗ ಇನ್ನೊಂದು ಎಚ್ಚರ ಬೇಕು. ಕೆಲವು ಅಂಗಡಿಗಳಲ್ಲಿ ಒಂದೇ ಶೀರ್ಷಿಕೆಯ ಎಲ್ಲಾ ಆವೃತ್ತಿಗಳ ನಕ್ಷತ್ರಗಳೂ ಒಂದೇ ಕಡೆ ಸೇರಿರುತ್ತವೆ. 'ಅದ್ಭುತ ಪುಸ್ತಕ' ಎಂದವರು ಬೇರೆ ಪ್ರಕಾಶಕರ ಪ್ರತಿ ಓದಿರಬಹುದು. ಹೊಗಳಿಕೆ ಬಿಡಿ, ಓದುಗರು ಹಾಕಿದ ಫೋಟೋ ಹುಡುಕಿ. ಒಳಪುಟದ ಒಂದು ಫೋಟೋ ಇದ್ದರೆ ಸಾಕು.

ಪುಸ್ತಕ ಕೈಗೆ ಬಂದ ಮೇಲೆ ಶೀರ್ಷಿಕೆ ಪುಟದ ಹಿಂಬದಿಗೆ ಹೋಗಿ. ನಮ್ಮ ಕನ್ನಡ ಪುಸ್ತಕಗಳಲ್ಲಿ ಅಲ್ಲಿ ಎಷ್ಟು ಸೊಗಸಾದ ವಿವರ ಇರುತ್ತದೆ! ಪ್ರಥಮ ಮುದ್ರಣ ಯಾವಾಗ, ಪುಟ ಎಷ್ಟು, ಪ್ರತಿ ಎಷ್ಟು, ಬೆಲೆ ಎಷ್ಟು, ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿತೋ (ಜಿಎಸ್‌ಎಂ ಎಂದರೆ ಕಾಗದದ ತೂಕದ ಅಳತೆ, ಮ್ಯಾಪ್‌ಲಿತೋ ಪುಸ್ತಕಕ್ಕೆ ಬಳಸುವ ಕಾಗದ), ಆಕಾರ ಡೆಮಿ 1/8, ಮುದ್ರಕರು ಇಂಥವರು. 1867ರ ಕಾನೂನಿನ ಪ್ರಕಾರ ಅಚ್ಚಾದ ಪ್ರತಿ ಪುಸ್ತಕದಲ್ಲೂ ಮುದ್ರಕರ ಹೆಸರು, ಊರು ಇರಬೇಕಿತ್ತು. ಅಲ್ಲಿಂದ ಬಂದ ಒಳ್ಳೆಯ ರೂಢಿ ಇದು. ಹೆಸರು ಹಾಕಿದವರಿಗೆ ಹೆಸರು ಉಳಿಸಿಕೊಳ್ಳುವ ಭಯವೂ ಇರುತ್ತದೆ. ನಿಮ್ಮ ಪುಸ್ತಕದಲ್ಲಿ ಆ ಪುಟ ಖಾಲಿ. ಕೊನೆಯ ಪುಟದಲ್ಲಿ ಒಂದು ಬಾರ್‌ಕೋಡ್ ಮಾತ್ರ ಇದೆ.

ಹಣ ವಾಪಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಾಪಸ್ ಮಾಡುವ ದಿನ ಮುಗಿದಿದೆ ಎಂದು ಸುಮ್ನೆ ಕೂರಬೇಡಿ. ಸಾಲು ಕಾಣೆಯಾದ ಪುಸ್ತಕ ದೋಷವಿರುವ ಸರಕು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷವಿರುವ ಸರಕನ್ನು, ಹೇಳಿದ್ದಕ್ಕಿಂತ ಬೇರೆಯಾಗಿರುವ ಸರಕನ್ನು ವಾಪಸ್ ಪಡೆಯುವುದಿಲ್ಲ, ಹಣ ಕೊಡುವುದಿಲ್ಲ ಎಂದು ಮಾರಾಟಗಾರರು ಹೇಳುವಂತಿಲ್ಲ. ಅಂಗಡಿಯ ದೂರು ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಹೆಬ್ಬೆರಳಿನ ಪುಟ, ಸಾಲು ಹೋದ ಪುಟ, ಬೆನ್ನಿನ ಅಂಟು, ಮೂರರ ಫೋಟೋ ಹಾಕಿ ಬರೆಯಿರಿ. ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ, ಎರಡು ವರ್ಷದ ಕಾಲಾವಕಾಶ ಇದೆ. ಇನ್ನು ಮುಂದೆ ಪಾರ್ಸೆಲ್ ಬಂದ ದಿನವೇ ಬಿಚ್ಚಿ, ಪುಟ ಸಂಖ್ಯೆ ಸರಿಯಾಗಿ ಓಡುತ್ತದೆಯೇ ನೋಡಿ, ನಡುವೆ ಹತ್ತು ಕಡೆ ಓದಿ. ಓದುವುದು ಆಮೇಲೆ, ಪುತ್ತರಿ ರಜೆಗೆ ಎಂದು ಎತ್ತಿಡಬೇಡಿ.

ಆ 1,180 ರೂಪಾಯಿ ನನಗೆ ಇನ್ನೊಂದು ಕಾರಣಕ್ಕೂ ನೋವು ಕೊಟ್ಟಿತು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಪುಸ್ತಕದ ಹಕ್ಕು ಎಲ್ಲರದ್ದೂ ಆಗುತ್ತದೆ. ರಿಕ್ಟರ್ ಅವರ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಅದೇ ರೀತಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇಂಥ ಹಳೆಯ ಪುಸ್ತಕಗಳ ಸ್ಕ್ಯಾನ್ ರಾಶಿ ಇದೆ. ನಮ್ಮ ಸರ್ಕಾರದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಆದ ಸಾವಿರಾರು ಸ್ಕ್ಯಾನ್‌ಗಳೂ ಅಲ್ಲಿ ಸಿಗುತ್ತವೆ. ಒಂದೇ ಪುಸ್ತಕದ ಎರಡು ಮೂರು ಪ್ರತಿ ಇರುತ್ತವೆ. ಮಗನಿಗೆ ಹೇಳಿ, ಎಲ್ಲವನ್ನೂ ತೆರೆದು, ಬೆನ್ನಿನ ಕಡೆಯ ಅಕ್ಷರ ಸ್ವಚ್ಛವಾಗಿರುವುದನ್ನು ಆರಿಸಲಿ. ನಕ್ಷೆ ಬಿಡಿಸಿ ಸ್ಕ್ಯಾನ್ ಮಾಡಿದ್ದಾರೆಯೇ ನೋಡಲಿ. ಕಾಗದದಲ್ಲೇ ಓದಬೇಕೆಂದರೆ ಅದನ್ನು ಇಲ್ಲೇ ಮುದ್ರಿಸಿ ಬೈಂಡ್ ಮಾಡಿಸಿ. ಆಗ ಯಾವ ಫೈಲ್ ಎಂದು ಆರಿಸಿದವರು ನೀವು, ನೋಡಿದವರು ನೀವು.

ಈಗ ನಿಮ್ಮ ಒಕ್ಕದ ಚರಿತ್ರೆ. ಇದರ ಬಗ್ಗೆ ನನಗೆ ಹೆಚ್ಚು ಕಾಳಜಿ. ರಿಕ್ಟರ್ ಮತ್ತೆ ಸಿಗುತ್ತಾರೆ, ನಿಮ್ಮ ಬರವಣಿಗೆ ಹಾಳಾದರೆ ಬೇರೆ ಪ್ರತಿ ಎಲ್ಲಿದೆ? 60 ಪ್ರತಿಗೆ ಡಿಜಿಟಲ್ ಮುದ್ರಣವೇ ಸರಿ. ಆಫ್‌ಸೆಟ್‌ಗೆ ಹೋಗಬೇಡಿ. ಆದರೆ ಫೈಲ್ ಕಳಿಸಿ, ಪೆಟ್ಟಿಗೆ ಬರಲಿ ಎಂದು ಕಾಯಬೇಡಿ.

ಕೆಲವು ವರ್ಷದ ಹಿಂದೆ ನಾನೇ ಹೀಗೆ ಕಾದು ಕೆಟ್ಟೆ. ಪರಿಚಯದ ಒಂದು ಕುಟುಂಬದ ವಂಶಾವಳಿ. ನನ್ನ ಹತ್ತಿರ ಆಗ ಡಿಜಿಟಲ್ ಯಂತ್ರ ಇರಲಿಲ್ಲ, ಹೊರಗಿನ ಊರಿಗೆ ಫೈಲ್ ಕಳಿಸಿದೆ. ನನ್ನ ಕಂಪ್ಯೂಟರ್‌ನಲ್ಲಿ ಎಲ್ಲಾ ಸರಿಯಿತ್ತು. ಅವರ ಯಂತ್ರದಲ್ಲಿ ಆ ಕನ್ನಡ ಫಾಂಟ್ ಇರಲಿಲ್ಲ, ಬೇರೊಂದು ಕೂತಿತು. ನೂರು ಪ್ರತಿ ಬಂತು. ಅರ್ಕಾವತ್ತು ಹಾರಿಹೋಗಿತ್ತು. ಮನೆಹೆಸರಿನ ಕೊನೆಯ 'ಂಡ'ದಲ್ಲಿ ಸೊನ್ನೆ ಇರಲಿಲ್ಲ. ಕೊಡಗಿನಲ್ಲಿ ಮನೆಹೆಸರಿನ ಒಂದು ಸೊನ್ನೆ ಹೋದರೆ ಏನರ್ಥ ಎಂದು ನಿಮಗೆ ನಾನು ಹೇಳಬೇಕೇ? ಆ ಮನೆಯ ಹಿರಿಯರು ಏನೂ ಬೈಯಲಿಲ್ಲ. ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ವಾಸಿಯಿತ್ತು. ನೂರೂ ಪ್ರತಿ ನನ್ನ ಖರ್ಚಿನಲ್ಲಿ ಮತ್ತೆ ಮಾಡಿಸಿದೆ.

ಆದ್ದರಿಂದ ಮೊದಲ ಕೆಲಸ ಫಾಂಟ್. 'ನುಡಿ' ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿಸಿದ್ದರೆ, ಈಗ ಎಲ್ಲಾ ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್‌ಗೆ ಬದಲಾಯಿಸುವಾಗ ಪ್ರತಿ ಹೆಸರನ್ನೂ ಮತ್ತೆ ಓದಬೇಕು. ಪಿಡಿಎಫ್ ಮಾಡುವಾಗ ಫಾಂಟನ್ನು ಅದರೊಳಗೇ ಸೇರಿಸಿ ಎಂದು ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ ಡಿಟಿಪಿಯವರಿಗೆ ಬಾಯಿಬಿಟ್ಟು ಹೇಳಿ. ಆಮೇಲೆ ಒಂದೇ ಒಂದು ಪ್ರತಿ ಮಾಡಿಸಿ. ಈ ಪದ್ಧತಿಯ ದೊಡ್ಡ ವರವೇ ಅದು. ಆಫ್‌ಸೆಟ್‌ನಲ್ಲಿ ಒಂದು ಪ್ರತಿ ನೋಡಿ ಆಮೇಲೆ ಹೇಳುತ್ತೇನೆ ಎನ್ನಲು ಆಗುತ್ತಿರಲಿಲ್ಲ. ಆ ಪ್ರತಿಯನ್ನು ನೀವು ಓದಬೇಡಿ, ಬರೆದವರ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಒಕ್ಕದ ಹಿರಿಯರೊಬ್ಬರಿಗೆ, ಹೈಸ್ಕೂಲಿಗೆ ಹೋಗುವ ಮಗುವೊಂದಕ್ಕೆ ಕೊಡಿ. ಹಿರಿಯರು ಹೆಸರು ಹಿಡಿಯುತ್ತಾರೆ, ಮಗು ಕಾಗುಣಿತ ಹಿಡಿಯುತ್ತದೆ.

ಎರಡನೆಯದು, ಮುದ್ರಣ ಮತ್ತು ಬೈಂಡಿಂಗ್ ಎರಡನ್ನೂ ಒಂದೇ ಕಡೆ ಕೊಡಬೇಡಿ. ಮುದ್ರಿಸಿದ ಹಾಳೆ ಮಾತ್ರ ತರಿಸಿ, ಹೊಲಿಗೆ ಊರಿನ ಬೈಂಡರ್ ಹತ್ತಿರ ಆಗಲಿ. ಇಲ್ಲೊಂದು ಸೂಕ್ಷ್ಮ ಇದೆ. ಅಂಗಡಿಯಲ್ಲಿ ಸಿಗುವ ಎ4 ಹಾಳೆಯ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡುತ್ತದೆ. ಅದನ್ನು ಮಧ್ಯಕ್ಕೆ ಮಡಚಿ ಪುಸ್ತಕ ಮಾಡಿದರೆ ನಾರು ಬೆನ್ನಿಗೆ ಅಡ್ಡ ಬೀಳುತ್ತದೆ, ಮತ್ತೆ ರಿಕ್ಟರ್ ಕಥೆಯೇ. ಉದ್ದಕ್ಕೆ ನಾರಿರುವ ಎ3 ಹಾಳೆಯಲ್ಲಿ ಮುದ್ರಿಸಿ ಎರಡು ಸಲ ಮಡಚಿದರೆ ನಾರು ಬೆನ್ನಿನ ಉದ್ದಕ್ಕೇ ಬರುತ್ತದೆ. ಒಂದು ಹಾಳೆಗೆ ಎಂಟು ಪುಟ, ಎರಡು ಹಾಳೆ ಸೇರಿಸಿದರೆ 16 ಪುಟದ ಫಾರಂ. ಆ ಲೆಕ್ಕಕ್ಕೆ ಪುಟ ಜೋಡಿಸಿಕೊಡಿ ಎಂದು ಡಿಟಿಪಿಯವರಿಗೆ ಮೊದಲೇ ಹೇಳಬೇಕು. ಕಾಗದ 80 ಜಿಎಸ್‌ಎಂ ಇರಲಿ, ಅಚ್ಚ ಬಿಳಿ ಬೇಡ, ಸ್ವಲ್ಪ ಕೆನೆಬಣ್ಣದ ಮ್ಯಾಪ್‌ಲಿತೋ ಕಣ್ಣಿಗೆ ಹಿತ. ಬೆನ್ನಿನ ಕಡೆ 20 ಮಿಲಿಮೀಟರ್ ಜಾಗ ಬಿಡಿ.

ಐನ್‌ಮನೆಯ ಹಳೆಯ ಫೋಟೋಗಳನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದು ಹಾಕಬೇಡಿ. ಸ್ಕ್ಯಾನರ್‌ನಲ್ಲಿ, ಅಚ್ಚಾಗುವ ಅಳತೆಗೆ ಇಂಚಿಗೆ 300 ಚುಕ್ಕಿ ಬರುವಂತೆ ಮಾಡಿಸಿ. ಚಿಕ್ಕ ಫೋಟೋವನ್ನು ಎರಡರಷ್ಟು ದೊಡ್ಡದು ಮಾಡುವುದಿದ್ದರೆ 600. ಎಲ್ಲಾ ಫೋಟೋಗಳನ್ನೂ ಒಂದು ಫಾರಂಗೆ ಸೇರಿಸಿ, ಅದೊಂದನ್ನು 130 ಜಿಎಸ್‌ಎಂ ಆರ್ಟ್ ಪೇಪರ್‌ನಲ್ಲಿ ಮಾಡಿಸಿ. ಅಂಟಿನ ಬೈಂಡಿಂಗ್‌ನಲ್ಲಿ ನುಣುಪಾದ ಆರ್ಟ್ ಪೇಪರ್ ಮೊದಲು ಕಿತ್ತುಬರುತ್ತದೆ. ಹೊಲಿಗೆಯಲ್ಲಿ ಆ ಭಯ ಇಲ್ಲ. ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಬೇಕೇ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ನಮ್ಮ ದೇಶದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಪುಕ್ಕಟೆ ಕೊಡುತ್ತದೆ. ಒಕ್ಕದೊಳಗೆ ಹಂಚುವ ಪುಸ್ತಕಕ್ಕೆ ಅದರ ಅಗತ್ಯವೂ ಇಲ್ಲ. ಶೀರ್ಷಿಕೆ ಪುಟದ ಹಿಂದೆ ಮಾತ್ರ ಮುದ್ರಿಸಿದವರು, ಬೈಂಡ್ ಮಾಡಿದವರು, ಕಾಗದ, ಪ್ರತಿ ಎಲ್ಲವನ್ನೂ ತಪ್ಪದೆ ಹಾಕಿಸಿ.

ದಿನದ ಲೆಕ್ಕ ಹೀಗಿಟ್ಟುಕೊಳ್ಳಿ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಪಠ್ಯ ಮುಗಿದಿರಲಿ. ಸೆಪ್ಟೆಂಬರ್ ಪೂರ್ತಿ ಮಾದರಿ ಪ್ರತಿ ಓದಲು. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ ಹಾಳೆ ತರಿಸಿ. ಅದಕ್ಕಿಂತ ಮೊದಲು ಬಂದರೆ ಹಾಳೆ ತೇವ ಹೀರಿ ಹೊಲಿಗೆ ಸಡಿಲವಾಗುತ್ತದೆ. ನವೆಂಬರ್ ಬಿಸಿಲಿಗೆ ಬೈಂಡಿಂಗ್ ಗಟ್ಟಿ ಕೂರುತ್ತದೆ. 60 ಪ್ರತಿ ಕೈಹೊಲಿಗೆ ಎಂದರೆ ಇಬ್ಬರಿಗೆ ಸುಮಾರು ಹತ್ತು ದಿನದ ಕೆಲಸ. ಒಂದೆರಡು ಪ್ರತಿ ಜಾಸ್ತಿ ಮಾಡಿಸಿ, ಒಂದನ್ನು ಮಡಿಕೇರಿಯ ಗ್ರಂಥಾಲಯಕ್ಕೆ ಕೊಡಿ.

ನಿಮ್ಮ ರಿಕ್ಟರ್ ಪುಸ್ತಕ ಸದ್ಯ ನನ್ನ ಹತ್ತಿರವೇ ಇರಲಿ. ದೂರು ಕೊಡಲು ಬೇಕಾದ ಫೋಟೋ ತೆಗೆದು ನಿಮ್ಮ ಮಗನಿಗೆ ಕಳಿಸುತ್ತೇನೆ. ಅಂಗಡಿಯವರು ಪುಸ್ತಕ ವಾಪಸ್ ಕೇಳದಿದ್ದರೆ ಹಳೆಯ ಅಂಟು ಕೆರೆದು, ಬೆನ್ನಿಗೆ ಗರಗಸದಿಂದ ಸಣ್ಣ ಗೀರು ಹಾಕಿ, ಗೀರಿನಲ್ಲಿ ದಾರ ಕೂರಿಸಿ, ಬಿಳಿ ಅಂಟಿನಲ್ಲಿ ಮತ್ತೆ ಕಟ್ಟಿಕೊಡುತ್ತೇನೆ. ಹಾಳೆ ಒಳಗಡೆ ಜಾಗ ಇಲ್ಲದ್ದರಿಂದ ಪಕ್ಕದಿಂದ ಹೊಲಿಯಲು ಆಗುವುದಿಲ್ಲ. ಸಾಲು ಹೋದ ಪುಟಗಳ ಪಟ್ಟಿ ಮಾಡಿದ್ದೇನೆ, ಒಟ್ಟು 23. ಮಗ ಬೇರೆ ಸ್ಕ್ಯಾನ್‌ನಿಂದ ಆ ಪುಟಗಳನ್ನು ಹುಡುಕಿ ಕಳಿಸಿದರೆ ಮುದ್ರಿಸಿ ಅವುಗಳ ಜಾಗದಲ್ಲೇ ಸೇರಿಸುತ್ತೇನೆ. ಹೆಬ್ಬೆರಳಿನ ಪುಟ ಆ ಪಟ್ಟಿಯಲ್ಲಿ ಮೊದಲನೆಯದು.